ಟರ್ಕಿ ಬೇಟೆಗೆ ಯಾವ ತೋಟಾ? ಸೀಸ, ಸ್ಟೀಲು, ಟಂಗ್‌ಸ್ಟನ್ ಮತ್ತು ನನ್ನ ಕೈತಪ್ಪಿದ ಹುಂಜಗಳು

ಏಪ್ರಿಲ್ ಬಂತು ಅಂದ್ರೆ ಪೆನ್ಸಿಲ್ವೇನಿಯಾದ ನಮ್ಮ ಕಡೆ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಒಂದಿಡೀ ಗೋಡೆ ಟರ್ಕಿ ಅನ್ನುವ ದೊಡ್ಡ ಕಾಡುಹಕ್ಕಿಯನ್ನು ಹೊಡೆಯುವ ತೋಟಾಗಳಿಗೇ ಮೀಸಲಾಗುತ್ತದೆ. ಎಲ್ಲ ಡಬ್ಬಿಗಳ ಮೇಲೂ ಕೆಂಪು ಕುತ್ತಿಗೆಯ ಹುಂಜದ ಚಿತ್ರ. ಒಂದರಲ್ಲಿ ಹತ್ತು ತೋಟಾ, ಇಪ್ಪತ್ತು ಇಪ್ಪತ್ತೈದು ಡಾಲರ್. ಪಕ್ಕದ್ದರಲ್ಲಿ ಐದೇ ತೋಟಾ, ಬೆಲೆ ಮಾತ್ರ ಅದರ ಎರಡರಷ್ಟು. ಮೊದಲ ವರ್ಷ ಆ ಗೋಡೆಯ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ. ಕೊನೆಗೆ ಎಲ್ಲಕ್ಕಿಂತ ದುಬಾರಿಯದನ್ನೇ ಎತ್ತಿಕೊಂಡು ಬಂದೆ. ಆ ವರ್ಷ ಒಂದೂ ಹಕ್ಕಿ ಸಿಗಲಿಲ್ಲ. ತಪ್ಪು ತೋಟಾದ್ದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ಅಪ್ಪನ ಹತ್ತಿರ ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿ ಇತ್ತು. ಅದು ಮಂಗಗಳನ್ನು ಹೆದರಿಸಲು ಗಾಳಿಯಲ್ಲಿ ಈಡು ಹಾರಿಸಿದ್ದೇ ಹೆಚ್ಚು. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ಕೂರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅನ್ನುವುದು ಅಜ್ಜಂದಿರ ಬಾಯಲ್ಲಿ ಕೇಳುವ ಕಥೆ, ಅಷ್ಟೇ. ನಾನು ಕೋವಿ ಹಿಡಿದು ಹಕ್ಕಿಗಾಗಿ ಕಾದು ಕೂತಿದ್ದು ಅಮೆರಿಕಕ್ಕೆ ಬಂದ ಮೇಲೇ. ಇಲ್ಲಿ ಅದಕ್ಕೆ ತರಗತಿ ಇದೆ, ಪರೀಕ್ಷೆ ಇದೆ, ಲೈಸೆನ್ಸ್ ಇದೆ, ಸೀಸನ್ ಇದೆ. ವಸಂತದಲ್ಲಿ ಗಡ್ಡ ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಅಂದರೆ ಹೆಚ್ಚುಕಡಿಮೆ ಹುಂಜಗಳನ್ನು ಮಾತ್ರ. ಗಡ್ಡ ಅಂದ್ರೆ ಎದೆಯಿಂದ ಕುದುರೆ ಬಾಲದ ಹಾಗೆ ಇಳಿಬಿದ್ದ ಗರಿ.

ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳಲು ಫೆಡರಲ್ ಕಾನೂನಿನ ಅಡ್ಡಿ ಇದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಹಾಗಾಗಿ ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. ಗೆಳೆಯರ ಬಾಯಿಮಾತು ನಂಬಿಕೊಂಡು ಹೋಗಬೇಡಿ.

ತೋಟಾ ದುಬಾರಿ ಅಂತ ಗೊಣಗುವವರಿಗೆ ಇನ್ನೊಂದು ವಿಷಯ. ಇಲ್ಲಿ ಬೇಟೆಯ ಕೋವಿ ಮತ್ತು ತೋಟಾಗಳ ಮೇಲೆ 11 ಶೇಕಡ ತೆರಿಗೆ ಇದೆ. 1937ರ ಕಾಯ್ದೆಯ ಪ್ರಕಾರ ಆ ದುಡ್ಡು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕಾಡು ಟರ್ಕಿ ಎಷ್ಟೋ ರಾಜ್ಯಗಳಲ್ಲಿ ಪೂರ್ತಿ ಅಳಿದುಹೋಗಿತ್ತು. ಇದ್ದ ಕಡೆ ಬಲೆ ಹಾರಿಸಿ ಹಿಡಿದು, ಇಲ್ಲದ ಕಡೆ ತಂದು ಬಿಟ್ಟು ಬೆಳೆಸಿದರು. ಈಗ ಲಕ್ಷಗಟ್ಟಲೆ ಇವೆ. ನಮ್ಮ ಆಫೀಸಿನ ಕಾರ್ ಪಾರ್ಕಿಂಗಿನಲ್ಲೂ ಓಡಾಡುತ್ತವೆ. ಸೀಸನ್ ಶುರುವಾದ ದಿನ ಮಾತ್ರ ಎಲ್ಲಿ ಹೋಗುತ್ತವೋ ಗೊತ್ತಿಲ್ಲ.

ಹಕ್ಕಿಗೆ ಎಷ್ಟು ಚರೆ ಬೇಕು

ಚರೆ ಅಂದ್ರೆ ತೋಟಾದೊಳಗೆ ತುಂಬಿದ ಸಣ್ಣ ಲೋಹದ ಕಾಳು. ತೋಟಾ ಆರಿಸುವ ಮೊದಲು ಗುರಿ ಎಲ್ಲಿ ಅನ್ನುವುದು ತಿಳಿದಿರಬೇಕು. ಟರ್ಕಿ ಹುಂಜ ದೊಡ್ಡ ಹಕ್ಕಿ, ಎಂಟು ಒಂಬತ್ತು ಕಿಲೋ ತೂಗುತ್ತದೆ. ಮೈತುಂಬ ದಪ್ಪ ಗರಿ, ಎದೆಯಲ್ಲಿ ಗಟ್ಟಿ ಮಾಂಸ. ಮೈಗೆ ಹೊಡೆದರೆ ಗಾಯ ಮಾಡಿಕೊಂಡು ಓಡಿ ಎಲ್ಲೋ ಹೋಗಿ ಸಾಯುತ್ತದೆ. ಅದು ಪಾಪದ ಕೆಲಸ. ಆದ್ದರಿಂದ ಗುರಿ ಇಡುವುದು ತಲೆ ಮತ್ತು ಕುತ್ತಿಗೆಗೆ ಮಾತ್ರ. ಅಲ್ಲಿ ಮೆದುಳು ಮತ್ತು ಕುತ್ತಿಗೆ ಮೂಳೆ ಎರಡೂ ಸೇರಿದರೂ ನಮ್ಮ ಹೆಬ್ಬೆರಳಿನಷ್ಟು ಅಗಲ. ಮೇಲಾಗಿ ಅದು ಒಂದು ಕ್ಷಣ ಸುಮ್ನೆ ಇರುವುದಿಲ್ಲ.

ಹಾಗಾಗಿ ಇಲ್ಲಿನ ಬೇಟೆಗಾರರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. 10 ಇಂಚು ಅಗಲದ ವೃತ್ತದೊಳಗೆ ಕಡಿಮೆ ಅಂದ್ರೂ 100 ಚರೆ ಕಾಳು ಬೀಳಬೇಕು. ನಿಮ್ಮ ಕೋವಿ, ನಿಮ್ಮ ತೋಟಾದಲ್ಲಿ ಎಷ್ಟು ದೂರದವರೆಗೆ ಇದು ಆಗುತ್ತದೋ ಅದೇ ನಿಮ್ಮ ದೂರ. ಸೀಸದ ತೋಟಾಕ್ಕೆ ಹಿಂದಿನಿಂದಲೂ 40 ಗಜ ಅನ್ನುವುದು ಕೊನೆಯ ಗಡಿ. ನನ್ನ ಗಡಿ 35. ಕಾರಣ, ಬೆಳಗಿನ ಆರು ಗಂಟೆಯ ಮಬ್ಬಿನಲ್ಲಿ ನನ್ನ ಕಣ್ಣಿಗೆ 50 ಗಜವೂ 40ರ ಹಾಗೇ ಕಾಣುತ್ತದೆ. ಈಗ ಕೂತ ತಕ್ಷಣ ಹೆಜ್ಜೆ ಹಾಕಿ ಒಂದು ಕಲ್ಲನ್ನೋ ಬುಡವನ್ನೋ ಗುರುತು ಮಾಡಿಕೊಳ್ಳುತ್ತೇನೆ. ಅದರಾಚೆ ಇದ್ದರೆ ಹುಂಜ ನಾಟ್ಯವನ್ನೇ ಆಡಲಿ, ಕೋವಿ ಎತ್ತುವುದಿಲ್ಲ.

ನಂಬರಿನ ಗುಟ್ಟು

ಡಬ್ಬಿಯ ಮೇಲೆ 4, 5, 6, 7, 9 ಅಂತ ನಂಬರು ಇರುತ್ತದೆ. ಅದು ಚರೆ ಕಾಳಿನ ಗಾತ್ರ. ನಂಬರು ಜಾಸ್ತಿ ಆದಷ್ಟೂ ಕಾಳು ಸಣ್ಣದು. ಇದನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. 17ರಲ್ಲಿ ನಂಬರನ್ನು ಕಳೆಯಿರಿ, ಉಳಿದದ್ದು ಇಂಚಿನ ನೂರನೇ ಪಾಲಿನಲ್ಲಿ ಕಾಳಿನ ಅಗಲ. 5ನೇ ನಂಬರು ಅಂದ್ರೆ 17ರಲ್ಲಿ 5 ಹೋಗಿ 12, ಅಂದರೆ 0.12 ಇಂಚು. 9 ಅಂದ್ರೆ 0.08 ಇಂಚು, ಎರಡು ಮಿಲಿಮೀಟರ್. ಸಾಸಿವೆಯಷ್ಟು ಅನ್ನಿ.

ಕಾಳು ಸಣ್ಣದಾದರೆ ಅಷ್ಟೇ ತೂಕದಲ್ಲಿ ಹೆಚ್ಚು ಕಾಳು ಹಿಡಿಯುತ್ತದೆ. ಸೀಸದಲ್ಲಿ ಒಂದು ಔನ್ಸಿಗೆ 4ನೇ ನಂಬರು ಸುಮಾರು 135, 5ನೇದು 170, 6ನೇದು 225. ಮೂರು ಇಂಚಿನ 12 ಗೇಜ್ (ಗೇಜ್ ಅಂದ್ರೆ ನಳಿಗೆಯ ಅಗಲದ ಅಳತೆ, ಮುಂದೆ ಹೇಳುತ್ತೇನೆ) ತೋಟಾದಲ್ಲಿ ಸಾಮಾನ್ಯವಾಗಿ 1¾ ಔನ್ಸ್ ಚರೆ ಇರುತ್ತದೆ. ಅಂದರೆ 4ರಲ್ಲಿ ಸುಮಾರು 235, 5ರಲ್ಲಿ 300ಕ್ಕೆ ಹತ್ತಿರ, 6ರಲ್ಲಿ ಸುಮಾರು 395 ಕಾಳು. ಒಂದೇ ದುಡ್ಡು, ಒಂದೇ ಒದೆತ. ಆದರೂ 6ರಲ್ಲಿ 4ಕ್ಕಿಂತ 160 ಕಾಳು ಜಾಸ್ತಿ.

ಹಾಗಾದ್ರೆ ಎಲ್ಲರೂ 6 ತಗೊಳ್ಳಬಹುದಲ್ವಾ? ಇಲ್ಲೇ ತೊಡಕು. ಸಣ್ಣ ಕಾಳು ಬೇಗ ವೇಗ ಕಳೆದುಕೊಳ್ಳುತ್ತದೆ. ದೂರದಲ್ಲಿ ಮೂಳೆ ಒಡೆಯುವಷ್ಟು ಕಸುವು ಉಳಿಯುವುದಿಲ್ಲ. 4 ಆಳಕ್ಕೆ ಹೋಗುತ್ತದೆ, ಆದರೆ ಕಾಳುಗಳ ನಡುವೆ ಹುಂಜದ ತಲೆ ತೂರಿಕೊಂಡು ಹೋಗುವಷ್ಟು ಜಾಗ ಬಿಡುತ್ತದೆ. 5 ಇವೆರಡರ ನಡುವೆ. ಸೀಸದಲ್ಲಿ ಕೇಳಿದರೆ ನಾನು ಹೇಳುವುದು 5. ಮೂವತ್ತು ಗಜದ ಒಳಗೇ ಹೊಡೆಯುವ ದಟ್ಟ ಕಾಡಿನಲ್ಲಿ ಕೂರುವವರಾದರೆ 6. 4ನೇ ನಂಬರಿನ ಪರವಾಗಿ ಮಾತಾಡುವವರು ನಮ್ಮ ಪಕ್ಕದ ಮನೆಯ ಮುದುಕರು ಒಬ್ಬರೇ. ಅವರು ಕಳೆದ ಐವತ್ತು ವರ್ಷದಿಂದ ಅದನ್ನೇ ಹೊಡೆಯುತ್ತಿದ್ದಾರೆ. ಅವರ ಹತ್ತಿರ ವಾದಕ್ಕೆ ಇಳಿಯಬೇಡಿ, ಅವರ ಗ್ಯಾರೇಜಿನ ಗೋಡೆ ತುಂಬ ಟರ್ಕಿ ಬಾಲ ಇವೆ.

ಸೀಸವೋ, ಟಂಗ್‌ಸ್ಟನ್ನೋ

ಅಸಲು ಗಲಾಟೆ ಇರುವುದು ಇಲ್ಲಿ. ಟಂಗ್‌ಸ್ಟನ್ ಸೂಪರ್ ಶಾಟ್ ಅಂತ ಟಂಗ್‌ಸ್ಟನ್ ಲೋಹದ ಚರೆ ಒಂದು ಬಂದಿದೆ, ಎಲ್ಲರೂ ಕರೆಯುವುದು ಟಿಎಸ್‌ಎಸ್ ಅಂತ. ಮೊದಲು ಕೈಯಲ್ಲೇ ತೋಟಾ ತುಂಬಿಕೊಳ್ಳುವ ಹುಚ್ಚರ ಬಳಿ ಮಾತ್ರ ಇತ್ತು. 2018ರಲ್ಲಿ ಫೆಡರಲ್ ಅನ್ನುವ ತೋಟಾ ಕಂಪನಿ ಹೆವಿವೇಟ್ ಟಿಎಸ್‌ಎಸ್ ಅಂತ ಡಬ್ಬಿಯಲ್ಲಿ ತಂದ ಮೇಲೆ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ.

ಇದರಲ್ಲಿ ವಿಶೇಷ ಇರುವುದು ತೂಕದಲ್ಲಿ. ಒಂದು ಘನ ಸೆಂಟಿಮೀಟರ್ ಸ್ಟೀಲು 7.8 ಗ್ರಾಂ, ಬಿಸ್ಮತ್ 9.6, ಸೀಸ 11ರ ಆಸುಪಾಸು, ಟಿಎಸ್‌ಎಸ್ 18. ಚಿನ್ನ 19.3 ಅಂದ್ರೆ ನೀವೇ ಅಂದಾಜು ಮಾಡಿಕೊಳ್ಳಿ. ಬೆಲೆಯೂ ಸ್ವಲ್ಪ ಚಿನ್ನದ ಕಡೆಗೇ ವಾಲಿದೆ.

ಕಾಳು ಎಷ್ಟು ಆಳ ಇಳಿಯುತ್ತದೆ ಅನ್ನುವುದಕ್ಕೆ ನಾನು ಒಂದು ಒರಟು ಲೆಕ್ಕ ಇಟ್ಟುಕೊಂಡಿದ್ದೇನೆ. ಕಾಳಿನ ಅಗಲವನ್ನು ಆ ಲೋಹದ ಸಾಂದ್ರತೆಯಿಂದ ಗುಣಿಸಿ. ಸೀಸದ 5ನೇ ನಂಬರು: 0.12 ಗುಣಿಸು 11.1, ಹೆಚ್ಚುಕಡಿಮೆ 1.33. ಸೀಸದ 4: 1.44. ಈಗ ಟಿಎಸ್‌ಎಸ್ 9 ನೋಡಿ: 0.08 ಗುಣಿಸು 18, ಅದೂ 1.44! ಅಂದರೆ ಸಾಸಿವೆ ಗಾತ್ರದ ಟಂಗ್‌ಸ್ಟನ್ ಕಾಳು ಸೀಸದ 4ನೇ ನಂಬರಿನ ಹಾಗೆ ಒಳಗೆ ಇಳಿಯುತ್ತದೆ. ಸಪೂರ ದಬ್ಬಣ ಗೋಣಿಯಲ್ಲಿ ಸಲೀಸಾಗಿ ಹೋಗುವುದಿಲ್ವಾ, ಹಾಗೆ. ಕಾಳಿನ ಎಣಿಕೆಯೋ? ಔನ್ಸಿಗೆ ಸುಮಾರು 360. ಸೀಸದ 4ರಲ್ಲಿ 135 ಇತ್ತು, ನೆನಪಿದೆ ಅಲ್ವಾ. ಅಷ್ಟೇ ಇರಿತ, ಎರಡೂವರೆ ಪಟ್ಟು ಜಾಸ್ತಿ ಕಾಳು. ಟಿಎಸ್‌ಎಸ್ ಅನ್ನು ಹೊಗಳುವವರು ಸುಮ್ನೆ ಹೊಗಳುತ್ತಿಲ್ಲ.

ಇದೇ ಲೆಕ್ಕವನ್ನು ಸ್ಟೀಲಿಗೆ ಹಾಕಿ. 4ನೇ ನಂಬರಿನ ಸ್ಟೀಲು 0.13 ಗುಣಿಸು 7.8, ಬರುವುದು 1.01. ಸೀಸದಲ್ಲಿ ಅದು 8ನೇ ನಂಬರಿನ ಮಟ್ಟ. ಅಂದರೆ ಗುರಿ ಅಭ್ಯಾಸದ ಆಟದಲ್ಲಿ ಹಾರುವ ಮಣ್ಣಿನ ಬಿಲ್ಲೆ ಒಡೆಯುವ ತೋಟಾ. ಸ್ಟೀಲಿನಿಂದ ಟರ್ಕಿ ಹೊಡೆಯಬಾರದು ಅಂತಲ್ಲ, 25 ಗಜದೊಳಗೆ ಹೊಡೆದವರು ಇದ್ದಾರೆ. ಆದರೆ ಅದು ಬೇರೆ ದಾರಿ ಇಲ್ಲದವರ ಆಯ್ಕೆ. ಕೆಲವು ಸರ್ಕಾರಿ ವನ್ಯಜೀವಿ ಜಾಗಗಳಲ್ಲಿ ಸೀಸ ತರುವಂತೆಯೇ ಇಲ್ಲ. ಬಾತುಕೋಳಿ ಬೇಟೆಗಂತೂ 1991ರಿಂದ ಇಡೀ ದೇಶದಲ್ಲಿ ಸೀಸ ನಿಷಿದ್ಧ. ಅಂಥ ಜಾಗಕ್ಕೆ ಹೋಗುವವರು ಟಿಎಸ್‌ಎಸ್ ತಗೊಳ್ಳಿ. ಕೈಯಲ್ಲಿ ಹಳೇ ಕಾಲದ ಜೋಡಿ ನಳಿಗೆ ಇದ್ದರೆ ಬಿಸ್ಮತ್ ತಗೊಳ್ಳಿ. ಬಿಸ್ಮತ್ ಮೆತ್ತಗಿನ ಲೋಹ, ಹಳೇ ನಳಿಗೆಯನ್ನು ಗೀರುವುದಿಲ್ಲ.

ಹಾಗಾದರೆ ಸೀಸದ ಕಥೆ ಮುಗಿಯಿತಾ? ನನ್ನ ಪ್ರಕಾರ ಇಲ್ಲ. ಸೀಸದ ತೋಟಾ ಒಂದಕ್ಕೆ ಎರಡು ಮೂರು ಡಾಲರ್. ಟಿಎಸ್‌ಎಸ್ ಒಂದಕ್ಕೆ ಅದರ ಎಷ್ಟೋ ಪಟ್ಟು. 35 ಗಜದಲ್ಲಿ ಒಳ್ಳೇ ಸೀಸದ 5 ಹೊಡೆದು ಬಿದ್ದ ಹುಂಜ, ಟಿಎಸ್‌ಎಸ್ ಹೊಡೆದು ಬಿದ್ದ ಹುಂಜಕ್ಕಿಂತ ಕಡಿಮೆ ಸತ್ತಿರುವುದಿಲ್ಲ. ಈಗಿನ ಸೀಸದ ತೋಟಾ ಅಪ್ಪನ ಕಾಲದ್ದಲ್ಲ. ವಿಂಚೆಸ್ಟರ್‌ನವರ ಲಾಂಗ್ ಬಿಯರ್ಡ್ ತೋಟಾದಲ್ಲಿ ಕಾಳುಗಳ ಸುತ್ತ ರಾಳದಂಥದ್ದು ಗಟ್ಟಿಯಾಗಿ ಕೂತಿರುತ್ತದೆ. ಈಡು ಹಾರಿದಾಗ ಅದು ಪುಡಿಯಾಗಿ ಕಾಳುಗಳ ನಡುವೆ ತುಂಬಿಕೊಳ್ಳುತ್ತದೆ. ಹಾಗಾಗಿ ಕಾಳು ಜಜ್ಜಿಹೋಗದೆ ದುಂಡಗೇ ಹೊರಗೆ ಬರುತ್ತದೆ. ದುಂಡಗಿನ ಕಾಳು ನೆಟ್ಟಗೆ ಹೋಗುತ್ತದೆ. ಇದನ್ನು ಕಾಗದದ ಮೇಲೆ ನೋಡಿದ ಮೇಲೆ ನನ್ನ ಟಂಗ್‌ಸ್ಟನ್ ಮೋಹ ಅರ್ಧ ಇಳಿಯಿತು.

ಟಿಎಸ್‌ಎಸ್‌ನಲ್ಲಿ ಇನ್ನೊಂದು ಅಪಾಯ ಇದೆ, ಡಬ್ಬಿಯ ಮೇಲೆ ಬರೆದಿರುವುದಿಲ್ಲ. ದೂರ ಹೋಗುತ್ತದೆ ಅಂತ ಗೊತ್ತಾದ ಮೇಲೆ ಮನುಷ್ಯ ಸುಮ್ಮನಿರುವುದಿಲ್ಲ. 60 ಗಜದಲ್ಲಿ ಕಂಡ ಹುಂಜಕ್ಕೂ ಹಾರಿಸುತ್ತಾನೆ. ಅಷ್ಟು ದೂರದಲ್ಲಿ ಸ್ವಲ್ಪ ಗಾಳಿ, ಸ್ವಲ್ಪ ಕೈ ನಡುಕ ಸಾಕು. ಟರ್ಕಿ ಬೇಟೆಯ ಮಜಾ ಇರುವುದೇ ಹೇಂಟೆಯ ದನಿ ಮಾಡಿ ಹುಂಜವನ್ನು ಹತ್ತಿರಕ್ಕೆ ಕರೆಯುವುದರಲ್ಲಿ. ದೂರದಿಂದಲೇ ಹೊಡೆಯುವುದಾದರೆ ಅಷ್ಟು ಬೇಗ ಏಳುವುದು ಯಾಕೆ?

ಅಡುಗೆಮನೆಯ ಲೆಕ್ಕವೂ ಇದೆ. ಸೀಸದ ಕಾಳು ಬಾಯಿಗೆ ಸಿಕ್ಕರೆ ಒಳ್ಳೆಯದಲ್ಲ, ಅದು ವಿಷ. ಟಂಗ್‌ಸ್ಟನ್ ಕಾಳು ಬಾಯಿಗೆ ಸಿಕ್ಕರೆ ಹಲ್ಲು ಹೋಗುತ್ತದೆ. ಎರಡರಲ್ಲೂ ಕುತ್ತಿಗೆಯ ಕೆಳಗಿನ ಮಾಂಸವನ್ನು ಬೆರಳಾಡಿಸಿ ನೋಡಿಯೇ ಕುಕ್ಕರಿಗೆ ಹಾಕಿ. ತೊಡೆ ಮಾಂಸ ಬಲು ಗಟ್ಟಿ. ನಮ್ಮನೆಯಲ್ಲಿ ಹತ್ತು ಸೀಟಿ ಕೂಗಿಸಿ, ಆಮೇಲೆ ಮಸಾಲೆ.

12, 20 ಮತ್ತು ಹಳದಿ ತೋಟಾದ ಕಥೆ

ನಮ್ಮ ಕಡೆ 12 ಬೋರ್ ಅಂದದ್ದನ್ನೇ ಇಲ್ಲಿ 12 ಗೇಜ್ ಅನ್ನುತ್ತಾರೆ. ನಳಿಗೆಯ ಅಳತೆಗೆ ಸರಿಯಾದ ಸೀಸದ ಗುಂಡು ಹನ್ನೆರಡು ಮಾಡಿದರೆ ಒಂದು ಪೌಂಡು ಆಗುತ್ತದೆ, ಅದಕ್ಕೆ 12. ಇಪ್ಪತ್ತು ಗುಂಡು ಆದರೆ 20. ಹಾಗಾಗಿ 20 ಗೇಜ್ ಸಣ್ಣದು. .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ನೇರವಾಗಿ ಇಂಚಿನ ಅಳತೆ.

ಮೊದಲೆಲ್ಲ ಟರ್ಕಿ ಅಂದ್ರೆ 12 ಗೇಜ್, ಮುಗೀತು. ಆಮೇಲೆ ಮೂರೂವರೆ ಇಂಚಿನ ತೋಟಾ ಬಂತು. ಎರಡು ಔನ್ಸಿಗಿಂತ ಜಾಸ್ತಿ ಚರೆ. ಸಾಗರದ ಕಡೆಯ ಗೆಳೆಯ ಒಬ್ಬ ದೊಡ್ಡದು ಅಂದ್ರೆ ಒಳ್ಳೇದು ಅಂತ ಅದನ್ನೇ ತಂದಿದ್ದ. ಟರ್ಕಿ ಬೇಟೆಯಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂತಿರುತ್ತೇವೆ. ಕೋವಿ ಒದ್ದಾಗ ಭುಜ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ಒಂದೇ ಈಡಿಗೆ ಅವನ ಕನ್ನಡಕ ಒಂದು ಕಡೆ, ಟೋಪಿ ಒಂದು ಕಡೆ. ಹುಂಜ ಬಿತ್ತು. ಇವನೂ ಬಿದ್ದ. "ಹಲ್ಲೆಲ್ಲ ಅಲ್ಲಾಡ್ತಾ ಇದೆ ಮಾರಾಯ, ಹಕ್ಕಿ ನೀನೇ ಹೋಗಿ ತಗೊಂಡು ಬಾ" ಅಂದ. ಮುಂದಿನ ವರ್ಷದಿಂದ ಅವನ ಗುರಿ ಹಾಳಾಯಿತು. ಟ್ರಿಗರ್ ಮುಟ್ಟುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಒದೆತದ ನಿಜವಾದ ಬೆಲೆ ಭುಜದ ನೋವಲ್ಲ, ಈ ಹೆದರಿಕೆ. ಮೂರೂವರೆ ಇಂಚು ಯಾರಿಗೂ ಬೇಡ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಟಂಗ್‌ಸ್ಟನ್ ನಿಜಕ್ಕೂ ಆಟ ಬದಲಿಸಿದ್ದು ಸಣ್ಣ ಕೋವಿಗಳಲ್ಲಿ. 20 ಗೇಜ್ ಮೂರು ಇಂಚಿನ ಟಿಎಸ್‌ಎಸ್ 9ರಲ್ಲಿ 1½ ಔನ್ಸ್ ಇದ್ದರೆ ಕಾಳು 540ರ ಹತ್ತಿರ. 12 ಗೇಜಿನ ಸೀಸದ 5ಕ್ಕಿಂತ 240 ಜಾಸ್ತಿ! ಹಗುರ ಕೋವಿ, ಬೆಟ್ಟ ಹತ್ತುವಾಗ ಆರಾಮ. ಮಕ್ಕಳಿಗೆ, ಸಣ್ಣ ಮೈಕಟ್ಟಿನವರಿಗೆ .410 ಕೂಡ ಈಗ ಸಾಕಾಗುತ್ತದೆ, ಟಿಎಸ್‌ಎಸ್ ಹಾಕಿದರೆ ಮಾತ್ರ. ಸೀಸದ .410 ಹಿಡಿದು ಟರ್ಕಿ ಹತ್ತಿರ ಹೋಗಬೇಡಿ.

ಈಗ ನನ್ನ ಅತಿ ದೊಡ್ಡ ತಪ್ಪು. ಇದನ್ನು ಹೇಳಲು ಈಗಲೂ ನಾಚಿಕೆ. ಮನೆಯಲ್ಲಿ 12 ಮತ್ತು 20 ಎರಡೂ ಇದ್ದ ವರ್ಷ. ಬೆಳಗಿನ ನಾಲ್ಕೂವರೆ, ಕತ್ತಲೆ. ಹಿಂದಿನ ವಾರ 20 ತಗೊಂಡು ಹೋಗಿದ್ದ ಅಂಗಿಯನ್ನೇ ಹಾಕಿಕೊಂಡು, ಕೈಯಲ್ಲಿ 12 ಹಿಡಿದು ಹೊರಟಿದ್ದೆ. ಕಾಡಿನಲ್ಲಿ ಕೂತು ಜೇಬಿನಿಂದ ತೋಟಾ ತೆಗೆದು ನಳಿಗೆಗೆ ಹಾಕಿದೆ. ತುಂಬಾ ಸಲೀಸಾಗಿ ಹೋಯಿತು. ಎಷ್ಟು ಸಲೀಸು ಅಂದ್ರೆ, ಕಾಣಿಸಲೇ ಇಲ್ಲ. ಜಾರಿ ಮುಂದೆ ಹೋಗಿ ಸಿಕ್ಕಿಕೊಂಡಿತ್ತು. ಬಿದ್ದುಹೋಯಿತೇನೋ ಅಂದುಕೊಂಡು ಇನ್ನೊಂದಕ್ಕೆ ಜೇಬಿಗೆ ಕೈ ಹಾಕಿದೆ. ಜೊತೆಗಿದ್ದ ಪಕ್ಕದ ಮನೆಯ ಮುದುಕರು ಟಾರ್ಚ್ ಹಾಕಿ ನನ್ನ ಕೈ ಹಿಡಿದರು. ಬೆರಳ ನಡುವೆ ಇದ್ದದ್ದು ಹಳದಿ ತೋಟಾ.

20 ಗೇಜ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವುದೇ ಇದಕ್ಕೆ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಹಿಂದೆ 12ರ ತೋಟಾ ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎಡಗೈ ಇರುವುದು ಸರಿಯಾಗಿ ಆ ಜಾಗದ ಕೆಳಗೆ. ಅವತ್ತು ಬೇಟೆ ಅಲ್ಲಿಗೇ ಮುಗೀತು. ಮುದುಕರು ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಈಗ ಒಂದು ಅಂಗಿಗೆ ಒಂದೇ ಕೋವಿ. ಮನೆಗೆ ಬಂದ ತಕ್ಷಣ ಜೇಬು ಖಾಲಿ.

ಉದ್ದದ ವಿಷಯದಲ್ಲೂ ಇಂಥದ್ದೇ ಬಲೆ ಇದೆ. ಡಬ್ಬಿಯ ಮೇಲಿರುವ ಉದ್ದ ಹಾರಿದ ಮೇಲಿನ ತೋಟಾದ ಉದ್ದ. ಮಡಚಿದ ಬಾಯಿ ಬಿಚ್ಚಿಕೊಂಡ ಮೇಲೆ ಅದು ಅಷ್ಟಾಗುತ್ತದೆ. ಹಾಗಾಗಿ ಮೂರು ಇಂಚಿನ ತೋಟಾ 2¾ ಇಂಚಿನ ಕೋವಿಯಲ್ಲೂ ಕೂರುತ್ತದೆ. ಕೂತಿತು ಅಂತ ಹಾರಿಸಬೇಡಿ. ಬಾಯಿ ಬಿಚ್ಚಲು ಜಾಗ ಇಲ್ಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಬದಿಯಲ್ಲಿ ಅಳತೆ ಕೆತ್ತಿರುತ್ತಾರೆ. ನೋಡಿ, ಅದೇ ಮಾತು.

ಎಂಟು ಹೆಜ್ಜೆಯ ಹುಂಜ

ಮೊದಲ ವರ್ಷದ ಕಥೆ ಬಾಕಿ ಇತ್ತು. ದುಬಾರಿ ಟಿಎಸ್‌ಎಸ್ ತಂದೆ ಅಂದೆನಲ್ಲ. ಜೊತೆಗೆ ಅತಿ ಬಿಗಿಯ ಟರ್ಕಿ ಚೋಕ್ ಕೂಡ ಕೊಂಡೆ. ಚೋಕ್ ಅಂದ್ರೆ ನಳಿಗೆಯ ಮೂತಿಗೆ ತಿರುಗಿಸಿ ಹಾಕುವ ಕೊಳವೆ. 12 ಗೇಜ್ ನಳಿಗೆಯ ಒಳಗಿನ ಅಗಲ 0.729 ಇಂಚು. ನನ್ನ ಚೋಕ್ ಅದನ್ನು ತುದಿಯಲ್ಲಿ 0.655ಕ್ಕೆ ಇಳಿಸುತ್ತಿತ್ತು. ಪೈಪಿನ ಬಾಯಿಗೆ ಬೆರಳು ಅಡ್ಡ ಇಟ್ಟರೆ ನೀರು ದೂರ ಹಾರುವುದಿಲ್ವಾ, ಹಾಗೆ ಚರೆ ಚದುರದೆ ಗುಂಪಾಗಿ ದೂರ ಹೋಗುತ್ತದೆ.

ಆದರೆ ನನ್ನ ಹುಂಜ ದೂರ ಇರಲೇ ಇಲ್ಲ. ಹಿಂದಿನಿಂದ ಬಂದು ಎಂಟು ಹೆಜ್ಜೆಯಲ್ಲಿ ನಿಂತಿತು. ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜಿ, ಥೇಟು ಯಕ್ಷಗಾನದ ಪ್ರವೇಶ. ಹಾರಿಸಿದೆ. ಹುಂಜದ ಪಕ್ಕದಲ್ಲಿದ್ದ ಹೆಬ್ಬೆರಳು ದಪ್ಪದ ಮೇಪಲ್ ಸಸಿ ಕತ್ತಿಯಲ್ಲಿ ಕಡಿದ ಹಾಗೆ ಬಿತ್ತು. ಹುಂಜ ಒಂದು ಸಲ ಸಸಿಯನ್ನು ನೋಡಿತು, ಒಂದು ಸಲ ನನ್ನನ್ನು ನೋಡಿತು, ಓಡಿತು.

ಆಮೇಲೆ ಕಾಗದ ಕಟ್ಟಿ ಹೊಡೆದು ನೋಡಿದೆ. ಹತ್ತು ಗಜದಲ್ಲಿ ನನ್ನ ಐನೂರು ಚಿಲ್ಲರೆ ಕಾಳೂ ಒಂದು ಕಿತ್ತಳೆ ಹಣ್ಣಿನಷ್ಟು ಜಾಗದಲ್ಲಿ ಹೋಗಿದ್ದವು. ಅಂದರೆ ಅಷ್ಟು ಹತ್ತಿರದಲ್ಲಿ ನನ್ನ ಕೈಯಲ್ಲಿದ್ದದ್ದು ಚರೆ ಕೋವಿ ಅಲ್ಲ, ರೈಫಲ್. ಅದಕ್ಕೆ ತಕ್ಕ ಗುರಿ ನಾನು ಇಟ್ಟಿರಲಿಲ್ಲ. ನನಗೆ ಗೊತ್ತಿರುವ ಬೇಟೆಗಾರರ ತಪ್ಪಿದ ಈಡುಗಳಲ್ಲಿ ಹೆಚ್ಚಿನವು ಹೀಗೆ ಹತ್ತಿರದವೇ. ದೂರದಲ್ಲಿ ತಪ್ಪಿದವರು ಕಡಿಮೆ. ಕೆನ್ನೆ ಹಿಡಿಕೆಯಿಂದ ಏಳುತ್ತದೆ, ಹಕ್ಕಿ ನೋಡುವ ಆಸೆಗೆ ತಲೆ ಎತ್ತುತ್ತೇವೆ, ಚರೆ ಹುಂಜದ ತಲೆಯ ಮೇಲಿಂದ ಹೋಗುತ್ತದೆ.

ಅದಕ್ಕೇ ನನ್ನ ಹೋಲಿಕೆಯಲ್ಲಿ ಡಬ್ಬಿಗಿಂತ ಕಾಗದ ಮುಖ್ಯ. ಒಂದೇ ಕಂಪನಿಯ ಎರಡು ಕೋವಿ, ಒಂದೇ ಚೋಕ್, ಒಂದೇ ತೋಟಾ, ಆದರೂ ಚರೆ ಬೀಳುವ ರೀತಿ ಬೇರೆ. ಅಗಲ ಕಾಗದ, ನಡುವೆ ಗುರುತು, 20, 30, 40 ಗಜ. ಮೊದಲು ಅಗ್ಗದ ತೋಟಾದಲ್ಲಿ ಕೋವಿ ನೆಟ್ಟಗೆ ಹೊಡೆಯುತ್ತದಾ ನೋಡಿಕೊಳ್ಳಿ, ಆಮೇಲೆ ದುಬಾರಿಯದು ಎರಡು ಮೂರು ಸಾಕು. ಹತ್ತು ಇಂಚಿನ ಊಟದ ತಟ್ಟೆ ಇಟ್ಟು ಗೆರೆ ಎಳೆದು ತೂತು ಎಣಿಸಿ. ನನ್ನ ಕೋವಿಯಲ್ಲಿ ಅತಿ ಬಿಗಿ ಚೋಕ್‌ಗಿಂತ ಕೋವಿಯ ಜೊತೆ ಬಂದ ಮಾಮೂಲಿ ಫುಲ್ ಚೋಕ್‌ನಲ್ಲೇ ಸೀಸದ 5 ಚೆನ್ನಾಗಿ ಬಿತ್ತು. ಚೋಕ್ ದುಡ್ಡು ದಂಡ. ಒಂದು ಎಚ್ಚರಿಕೆ: ಸ್ಟೀಲು ಮತ್ತು ಟಂಗ್‌ಸ್ಟನ್ ಗಟ್ಟಿ ಲೋಹಗಳು. ಚೋಕ್ ಮಾಡಿದವರು ಆಗಬಹುದು ಅಂತ ಹೇಳಿದ್ದರೆ ಮಾತ್ರ ಅದರೊಳಗಿಂದ ಹಾರಿಸಿ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ 12 ಗೇಜ್ ಇದ್ದು, ವರ್ಷಕ್ಕೆ ಒಂದು ಹುಂಜ ಸಿಕ್ಕರೆ ಸಾಕು ಅನ್ನುವವರು ಮೂರು ಇಂಚಿನ ಸೀಸದ 5 ತಗೊಂಡು 35 ಗಜದೊಳಗೆ ಹೊಡೆಯಿರಿ. ಉಳಿದ ದುಡ್ಡಿನಲ್ಲಿ ಅಭ್ಯಾಸಕ್ಕೆ ಅಗ್ಗದ ತೋಟಾ ತನ್ನಿ. ಹೊಸದಾಗಿ ಕೋವಿ ಕೊಳ್ಳುವವರಾದರೆ, ಒದೆತ ಅಂದ್ರೆ ಆಗದವರಾದರೆ 20 ಗೇಜ್ ಮತ್ತು ಟಿಎಸ್‌ಎಸ್ 9. ವರ್ಷಕ್ಕೆ ಹಾರುವುದು ಎರಡು ಮೂರು ಈಡು, ಆ ಖರ್ಚು ತಡೆಯಬಹುದು. 12ರಲ್ಲಿ ಟಿಎಸ್‌ಎಸ್ ನನಗೆ ಶ್ರೀಮಂತರ ಹಟದ ಹಾಗೆ ಕಾಣುತ್ತದೆ, ಹೊಟ್ಟೆಕಿಚ್ಚು ಅಂತ ಬೇಕಾದರೂ ಅನ್ನಿ. ಯಾವುದೇ ಆದರೂ ನಿಮ್ಮ ರಾಜ್ಯದ ಬೇಟೆ ನಿಯಮದ ಪುಸ್ತಕದಲ್ಲಿ ಚರೆಯ ನಂಬರಿಗೆ ಮಿತಿ ಇದೆಯಾ ನೋಡಿ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ.

ಕಾಡಿನಲ್ಲಿ

ತೋಟಾ ಸರಿ ಇದ್ದೂ ಹಕ್ಕಿ ತಪ್ಪುವ ದಾರಿ ನೂರು. ಸದ್ದಾಗಬಾರದು ಅಂತ ಸೆಮಿ-ಆಟೋಮ್ಯಾಟಿಕ್ ಕೋವಿಯಲ್ಲಿ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಮೆಲ್ಲಗೆ ಕೈಹಿಡಿದು ಮುಚ್ಚಿದ್ದೆ ಒಂದು ಸಲ. ಅದು ಪೂರ್ತಿ ಕೂತಿರಲಿಲ್ಲ. ಇಪ್ಪತ್ತು ಗಜದಲ್ಲಿ ಹುಂಜ, ಟ್ರಿಗರ್ ಎಳೆದರೆ ಟಕ್. ಅಷ್ಟೇ. ಬೋಲ್ಟನ್ನು ಸದ್ದಾದರೂ ಸರಿ ಬಿಟ್ಟುಬಿಡಬೇಕು, ತಾನಾಗಿ ಬಡಿದು ಮುಚ್ಚಲಿ.

ಇದೆಲ್ಲ ನಗುವ ವಿಷಯ. ನಗದ ವಿಷಯವೂ ಇದೆ. ಎಲ್ಲರೂ ಎಲೆ ಬಣ್ಣದ ಬಟ್ಟೆ ಹಾಕಿ ಹೇಂಟೆಯ ಹಾಗೆ ಕೂಗುತ್ತಾ ಕೂತಿರುತ್ತಾರೆ. ಆ ದನಿ ಕೇಳಿ ಇನ್ನೊಬ್ಬ ಬೇಟೆಗಾರ ಹೊಂಚುತ್ತಾ ಬರಬಹುದು. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆದ್ದರಿಂದ ಈ ಮೂರು ಬಣ್ಣ ನಿಮ್ಮ ಮೈಮೇಲೆ ಎಲ್ಲೂ ಬೇಡ, ಕರವಸ್ತ್ರ ಕಾಲುಚೀಲ ಕೂಡ. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಯಾರಾದರೂ ಬರುವುದು ಕಂಡರೆ ಕೈ ಬೀಸಬೇಡಿ, ಜೋರಾಗಿ ಮಾತಾಡಿ. ಹಕ್ಕಿ ಹೊತ್ತು ಬರುವಾಗ ಕಿತ್ತಳೆ ಬಟ್ಟೆ ಸುತ್ತಿ. ಹುಂಜ ಕೂಗಿದ ಕಡೆಗೆ ನೀವಾಗಿ ನುಗ್ಗಬೇಡಿ. ಕೂಗಿದ್ದು ಮನುಷ್ಯ ಆಗಿರಬಹುದು.

ಇನ್ನು ಫೋನು. ಹೋದ ಮೇ ತಿಂಗಳಲ್ಲಿ ಒಂದು ಹುಂಜ ಐದೂವರೆಯಿಂದ ಮರದ ಮೇಲೆ ಕೂಗಿ, ಕೆಳಗಿಳಿದ ಮೇಲೆ ಬಾಯಿ ಮುಚ್ಚಿಕೊಂಡಿತು. ಒಂದು ಗಂಟೆ ಕಾದೆ. ಸದ್ದಿಲ್ಲ. ಆರೂಮುಕ್ಕಾಲಿಗೆ ಜೇಬಿನಲ್ಲಿ ಫೋನು ಕಿರುಚಿತು. ಕೊಪ್ಪದಲ್ಲಿ ಆಗ ಸಂಜೆ ನಾಲ್ಕೂಕಾಲು, ಅಮ್ಮ ಕಾಫಿ ಕುಡಿದು ಫೋನ್ ಮಾಡುವ ಹೊತ್ತು. ಆ ಕಿರುಚಿಗೆ ನನ್ನ ಬೆನ್ನ ಹಿಂದೆ, ಮೂವತ್ತು ಗಜದಲ್ಲಿ, ಹುಂಜ ಗಂಟಲು ಹರಿಯುವ ಹಾಗೆ ಕೂಗಿಬಿಟ್ಟಿತು. ಗುಡುಗು, ಕಾಗೆ, ಕಾರಿನ ಬಾಗಿಲು, ಯಾವ ಜೋರು ಸದ್ದಿಗೂ ಅವು ತಡೆಯಲಾರದೆ ಕೂಗುತ್ತವೆ. ಗಾಬರಿಯಲ್ಲಿ ಫೋನ್ ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ.

"ಎಂತ ಮಾಡ್ತಾ ಇದೀಯಾ? ತಿಂಡಿ ಆಯ್ತಾ?"

"ಅಮ್ಮ, ಕಾಡಲ್ಲಿದೀನಿ" ಅಂತ ಪಿಸುಗುಟ್ಟಿದೆ.

"ಬೆಳಗಾಮುಂಚೆ ಕಾಡಲ್ಲಿ ಎಂತ? ಕೆಲಸ ಹೋಯ್ತಾ?"

ಹುಂಜ ಇನ್ನೊಂದು ಸಲ ಕೂಗಿತು. ಅಮ್ಮ ಒಂದು ಕ್ಷಣ ಸುಮ್ಮನಾದರು. ನಮ್ಮನೆ ಕೋವಿಯ ತೋಟಾ ಎಣಿಸಿ ಬೀರುವಿನಲ್ಲಿ ಇಡುತ್ತಿದ್ದದ್ದು ಅವರೇ. ಅವರೂ ದನಿ ತಗ್ಗಿಸಿದರು.

"ಎಷ್ಟನೇ ನಂಬರು ಹಾಕಿದೀಯಾ?"

"ಐದು."

"ಸಾಕು. ಫೋನ್ ಇಡು, ಹೆದರ್ಕೊಂಡು ಓಡೀತು."

ಓಡಿತು.